ಖಾನಾಪುರದ ಬಾಟಲಿ ಯಾವ ಸಮುದ್ರಕ್ಕೆ?

ಸಮುದ್ರದ ಪ್ಲಾಸ್ಟಿಕ್ ಎತ್ತುವ ಸ್ವಯಂಸೇವಕರ ಮಾತು ತರಗತಿಯಲ್ಲಿ ಬಂದಾಗ ನಮ್ಮ ಬೆಂಚಿನವರೆಲ್ಲ ನಕ್ಕೆವು. ಬೆಳಗಾವಿಗೂ ಸಮುದ್ರಕ್ಕೂ ಏನು ಸಂಬಂಧ? ನಾನು ದಿನಾಲೂ ಖಾನಾಪುರದಿಂದ ಬಸ್ಸಿಗೆ ಬರುವವನು. ಆ ಸಂಜೆ ಮನೆಗೆ ಹೋಗಿ ನಕಾಶೆ ಬಿಡಿಸಿದೆ.

ನಮ್ಮ ಒಂದೇ ತಾಲೂಕು ಎರಡು ಸಮುದ್ರಗಳಿಗೆ ನೀರು ಕಳಿಸುತ್ತದೆ! ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರ ದಾಟಿ ಪೂರ್ವಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಭೀಮಗಡ ಕಾಡಿನ ಕಡೆ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡೋವಿ ಎನಿಸಿಕೊಂಡು, ಪಣಜಿ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಬೆಳಗಾವಿಯ ಬಳ್ಳಾರಿ ನಾಲಾ ಕೂಡ ಮಾರ್ಕಂಡೇಯ, ಘಟಪ್ರಭೆಗಳ ಮೂಲಕ ಕೃಷ್ಣೆಗೇ. ಪೂರ್ವದ ದಾರಿಯಲ್ಲಿ ನವಿಲುತೀರ್ಥದಂಥ ಅಣೆಕಟ್ಟುಗಳಿವೆ. ಬಹಳಷ್ಟು ಕಸ ಅಲ್ಲೇ ಸಿಕ್ಕಿಕೊಳ್ಳಬಹುದು. ಆದರೆ ಆ ನೀರನ್ನೂ ಜನ ಕುಡಿಯುತ್ತಾರೆ.

ಮುಂಬಯಿಯ ವಕೀಲ ಅಫ್ರೋಜ್ ಶಾಹ್ ಈ ದಾರಿಯನ್ನು ಉಲ್ಟಾ ನಡೆದವರು. 2015ರ ಅಕ್ಟೋಬರ್‌ನಲ್ಲಿ ನೆರೆಮನೆಯ 84 ವರ್ಷದ ಹಿರಿಯರೊಬ್ಬರ ಜೊತೆ ವರ್ಸೋವಾ ದಂಡೆಯಲ್ಲಿ ಕಸ ಎತ್ತಲು ಶುರು ಮಾಡಿದರು. ವಾರವಾರವೂ ಜನ ಸೇರುತ್ತ ಹೋದರು. 2016ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಬಂತು, 2018ರ ಮಾರ್ಚ್‌ನಲ್ಲಿ ಅಲ್ಲಿ ಆಲಿವ್ ರಿಡ್ಲೆ ಆಮೆಮರಿಗಳು ಕಂಡವು. ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಂಡದ್ದು ಮುಂದಿನ ಹೆಜ್ಜೆ: ಅವರು ದಂಡೆಯಿಂದ ಹಿಂದಕ್ಕೆ, ಮೀಠಿ ನದಿಗೂ ಅದರ ಬದಿಯ ಬಸ್ತಿಗಳಿಗೂ ಹೋದರು. ಎತ್ತಿದಷ್ಟೂ ಕಸ ಮೇಲಿನಿಂದ ಬರುತ್ತಿದ್ದರೆ ಇನ್ನೇನು ಮಾಡುವುದು?

ಒಂದು ಪ್ರಯೋಗ ನೀವೂ ಮಾಡಿ ನೋಡಿ. ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಕರಗಿಸಿದರೆ ಹೆಚ್ಚುಕಡಿಮೆ ಸಮುದ್ರದ ನೀರು. ಸಾಂದ್ರತೆ ಸುಮಾರು 1.025. ಅದರಲ್ಲಿ ನೀರಿನ ಬಾಟಲಿಯ ಒಂದು ಚೂರು, ಮುಚ್ಚಳದ ಒಂದು ಚೂರು ಹಾಕಿ. ಮುಚ್ಚಳ ತೇಲುತ್ತದೆ, ಬಾಟಲಿಯ ಚೂರು ಮುಳುಗುತ್ತದೆ. ಮುಚ್ಚಳ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್, ಸಾಂದ್ರತೆ 1ಕ್ಕಿಂತ ಕಡಿಮೆ. ಬಾಟಲಿ ಪೆಟ್, ಸುಮಾರು 1.38. ಮುಚ್ಚಳ ಬಿಗಿದ ಖಾಲಿ ಬಾಟಲಿ ಒಳಗಿನ ಗಾಳಿಯಿಂದಷ್ಟೇ ತೇಲುವುದು. ನೀರು ಹೊಕ್ಕರೆ ತಳಕ್ಕೆ. ಅಂದರೆ ಸ್ವಯಂಸೇವಕರ ಕೈಗೆ ಸಿಗುವುದು ಹೆಚ್ಚಾಗಿ ತೇಲಿ ದಂಡೆಗೆ ಬಿದ್ದದ್ದು ಮಾತ್ರ. ತಳದ್ದು ಫೋಟೋದಲ್ಲಿ ಬರುವುದಿಲ್ಲ.

ಈಗ ನನ್ನ ತಪ್ಪು. ಅಣ್ಣನ ವಲೀಮಾದಲ್ಲಿ ಊಟದ ನಂತರ ಕಸ ಸಾಗಿಸುವ ಕೆಲಸ ನನ್ನದಿತ್ತು. ರಾತ್ರಿ ದಣಿದು, ಹಸಿರು ಗ್ಲಾಸು, ಸಣ್ಣ ಬಾಟಲಿಗಳ ಚೀಲಗಳನ್ನು ನದಿಗೆ ಹೋಗುವ ಹಳ್ಳದ ಬದಿ ಇಟ್ಟು ಬಂದೆ. ರಾತ್ರಿಯೇ ಮಳೆ. ನಕಾಶೆ ನೋಡಿದ ಮರುದಿನ ಇಬ್ಬರು ಗೆಳೆಯರನ್ನು ಕರೆದುಕೊಂಡು ಹೋದಾಗ ನಾಲ್ಕು ಚೀಲ ತುಂಬಿತು, ಎಲ್ಲ ನಮ್ಮದೇ ಅಲ್ಲ. ಬಾಟಲಿಗಳನ್ನು ಭಂಗಾರದ ಅಂಗಡಿಯವರು ತೆಗೆದುಕೊಂಡರು. ಕೆಸರು ಹತ್ತಿದ ಗ್ಲಾಸು, ಚಿಪ್ಸ್ ಪಾಕೀಟು ಬೇಡವೆಂದರು. ನಮ್ಮ ಹಸಿರು ಗ್ಲಾಸು ಸಿಕ್ಕಿದ್ದು ಹದಿನೇಳು. ತಂದದ್ದು ಐದು ನೂರು.

ಬರುವ ತಿಂಗಳು ಆಪಾಳ ನಿಕಾಹ್. ಸ್ಟೀಲ್ ಗ್ಲಾಸು ಬಾಡಿಗೆಗೆ ತರೋಣ ಎಂದೆ. "ತೊಳೆಯೋರು ಯಾರು?" ಅಂದರು ಅಬ್ಬಾ. ನಾನು ಅಂದೆ. ಅವರು ಇನ್ನೂ ಪೂರ್ತಿ ಒಪ್ಪಿಲ್ಲ; ಶಾಮಿಯಾನಾದವರಿಗೆ ಮಾತ್ರ ರೇಟು ಕೇಳಿದ್ದಾರೆ.