ಪ್ರಾರ್ಥನೆಯನ್ನು ಸರಕಾರ ಬರೆದುಕೊಡಬಹುದೇ?



ಕಳೆದ ತಿಂಗಳ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಾಗ, ಜತ್ತ ಕಡೆಯ ಹಿರಿಯ ಅಡತಿ ವ್ಯಾಪಾರಿಗಳೊಬ್ಬರು ನನ್ನನ್ನು ಹತ್ತಿರ ಕರೆದು ಒಂದು ಪ್ರಶ್ನೆ ಕೇಳಿದರು. “ಸೆಕ್ರೆಟರಿಯವರ, ಎಲ್ಲಾ ಸಾಲಿಗೂ ಸರಕಾರನ ಒಂದು ಪ್ರಾರ್ಥನಾ ಬರದುಕೊಟ್ಟು ದಿನಾ ಮುಂಜಾನೆ ಹುಡುಗರ ಕಡಿಂದ ಹೇಳಿಸಿದರ ಏನ್ ತಪ್ಪರಿ? ದೇವರ ಹೆಸರು ತಗೊಂಡರ ಯಾರಿಗೇನು ನಷ್ಟ?”

ಆಗ ಬಾಯಿಗೆ ಬಂದ ಉತ್ತರ ಹೇಳಿದೆ. ಅದು ಅವರಿಗೂ ಸಮಾಧಾನ ತರಲಿಲ್ಲ, ನನಗೂ ತರಲಿಲ್ಲ. ನಾನು ವಾಣಿಜ್ಯ ಓದಿ ಲೆಕ್ಕ ಬರೆಯುವವನು, ಕಾನೂನು ಪಂಡಿತನಲ್ಲ. ಆದರೂ ಓದಿ ನೋಡಿದಾಗ, ಇದೇ ಪ್ರಶ್ನೆ ಅಮೇರಿಕೆಯಲ್ಲಿ ಎದ್ದು ಅಲ್ಲಿನ ಅತ್ಯುಚ್ಚ ನ್ಯಾಯಾಲಯದವರೆಗೆ ಹೋದ ಸಂಗತಿ ತಿಳಿಯಿತು. ಈ ತಿಂಗಳ ಅಭ್ಯಾಸ ಪಾಠಕ್ಕೆ ಅದನ್ನೇ ಆರಿಸಿಕೊಂಡಿದ್ದೇನೆ.

ಇಪ್ಪತ್ತೆರಡು ಪದಗಳ ಪ್ರಾರ್ಥನೆ

ನ್ಯೂಯಾರ್ಕ್ ರಾಜ್ಯದ ಶಿಕ್ಷಣದ ಮೇಲ್ವಿಚಾರಣೆ ನಡೆಸುವ ‘ಬೋರ್ಡ್ ಆಫ್ ರೀಜೆಂಟ್ಸ್’ ಎಂಬ ಮಂಡಳಿಯು 1951ರಲ್ಲಿ ಒಂದು ಚಿಕ್ಕ ಪ್ರಾರ್ಥನೆಯನ್ನು ರಚಿಸಿ, ಅದನ್ನು ಶಾಲೆಗಳಲ್ಲಿ ಹೇಳಿಸಲು ಶಿಫಾರಸು ಮಾಡಿತು. ಇಂಗ್ಲಿಷಿನಲ್ಲಿ ಅದು ಕೇವಲ 22 ಪದಗಳದ್ದು. ಸರ್ವಶಕ್ತನಾದ ದೇವರನ್ನು ನಾವು ಆಶ್ರಯಿಸಿದ್ದೇವೆಂದು ಒಪ್ಪಿ, ನಮ್ಮನ್ನೂ ತಂದೆ ತಾಯಿಯರನ್ನೂ ಗುರುಗಳನ್ನೂ ದೇಶವನ್ನೂ ಹರಸೆಂದು ಬೇಡುವುದಷ್ಟೇ ಅದರ ಸಾರಾಂಶ. ಅದರಲ್ಲಿ ಏಸುವಿನ ಹೆಸರಿಲ್ಲ, ಯಾವ ಪಂಗಡದ ಹೆಸರೂ ಇಲ್ಲ. ಯಾರ ಮನಸ್ಸಿಗೂ ನೋವಾಗಬಾರದೆಂದು ಅಳೆದು ತೂಗಿ ಬರೆದದ್ದು.

1958ರಲ್ಲಿ ನ್ಯೂ ಹೈಡ್ ಪಾರ್ಕ್ ಎಂಬಲ್ಲಿನ ಶಾಲಾ ಮಂಡಳಿ ಇದನ್ನು ಜಾರಿಗೆ ತಂದಿತು. ಪ್ರತಿದಿನ ಪಾಠ ಆರಂಭವಾಗುವ ಮೊದಲು ಶಿಕ್ಷಕರ ಎದುರಿಗೆ ಮಕ್ಕಳು ಇದನ್ನು ಹೇಳಬೇಕು. ಬೇಡವೆನ್ನುವ ಮಗು ಸುಮ್ಮನಿರಬಹುದು, ಇಲ್ಲವೇ ಪಾಲಕರು ಬರೆದುಕೊಟ್ಟರೆ ಕೋಣೆಯಿಂದ ಹೊರಗೆ ಹೋಗಬಹುದು.

ಐದು ಮನೆಗಳ ಪಾಲಕರು ಇದನ್ನು ಒಪ್ಪಲಿಲ್ಲ. ಅವರಲ್ಲಿ ದೇವರನ್ನು ನಂಬದವರೂ ಇದ್ದರು, ಶ್ರದ್ಧೆಯುಳ್ಳ ಯಹೂದ್ಯರೂ ಇದ್ದರು. ಮೊದಲ ಅರ್ಜಿದಾರರು ಸ್ಟೀವನ್ ಎಂಗೆಲ್, ಶಾಲಾ ಮಂಡಳಿಯ ಅಧ್ಯಕ್ಷರು ವಿಲಿಯಂ ವಿಟಾಲಿ. ಆದ್ದರಿಂದ ಇದು ‘ಎಂಗೆಲ್ ವಿರುದ್ಧ ವಿಟಾಲಿ’ ಎಂದೇ ಪ್ರಸಿದ್ಧವಾಯಿತು. ‘ಬಲವಂತ ಇಲ್ಲದ ಮೇಲೆ ಆಕ್ಷೇಪಣೆ ಏಕೆ?’ ಎಂದು ಆ ರಾಜ್ಯದ ನ್ಯಾಯಾಲಯಗಳು ಶಾಲೆಯ ಪಕ್ಷವನ್ನೇ ಎತ್ತಿಹಿಡಿದವು. ನಮ್ಮ ಅಡತಿ ವ್ಯಾಪಾರಿಗಳ ಮಾತೂ ಇದೇ ಅಲ್ಲವೇ?

ನ್ಯಾಯಾಲಯ ಏನು ಹೇಳಿತು?

1962ರ ಜೂನ್ 25ರಂದು ಅಮೇರಿಕೆಯ ಸುಪ್ರೀಂ ಕೋರ್ಟು 6-1ರ ಬಹುಮತದಿಂದ ಈ ಪ್ರಾರ್ಥನೆಯ ಪದ್ಧತಿಯನ್ನು ರದ್ದುಪಡಿಸಿತು. ತೀರ್ಪು ಬರೆದ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ನಾಸ್ತಿಕರೇನಲ್ಲ. ಅಲಬಾಮಾ ರಾಜ್ಯದವರು, ತಮ್ಮ ಊರಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಭಾನುವಾರದ ಧರ್ಮಪಾಠ ಹೇಳಿದವರು.

1791ರಲ್ಲಿ ಜಾರಿಗೆ ಬಂದ ಅಮೇರಿಕೆಯ ಸಂವಿಧಾನದ ಮೊದಲ ತಿದ್ದುಪಡಿಯಲ್ಲಿ ಧರ್ಮದ ಬಗ್ಗೆ ಎರಡು ಮಾತುಗಳಿವೆ. ಸರಕಾರವು ಯಾವ ಧರ್ಮವನ್ನೂ ತನ್ನ ಅಧಿಕೃತ ಧರ್ಮವಾಗಿ ಸ್ಥಾಪಿಸಕೂಡದು ಎಂಬುದು ಒಂದು. ಯಾರ ಧರ್ಮಾಚರಣೆಗೂ ಅಡ್ಡಿ ಮಾಡಕೂಡದು ಎಂಬುದು ಇನ್ನೊಂದು. ಜನರ ಬಾಯಿಂದ ಹೇಳಿಸಲು ಪ್ರಾರ್ಥನೆ ರಚಿಸುವುದು ಸರಕಾರದ ಕೆಲಸವೇ ಅಲ್ಲ, ರಚಿಸಿದ ಗಳಿಗೆಯಲ್ಲೇ ಮೊದಲನೆಯ ಮಾತು ಮುರಿಯಿತು ಎಂದರು ಬ್ಲ್ಯಾಕ್. ಪಂಗಡದ ಹೆಸರಿಲ್ಲ, ಒತ್ತಾಯವಿಲ್ಲ ಎಂಬ ಮಾತ್ರಕ್ಕೆ ಅದು ಸರಿಯಾಗದು. ಸರಕಾರದ ಅಧಿಕಾರವೂ ಹಣವೂ ಒಂದು ನಂಬಿಕೆಯ ಬೆನ್ನಿಗೆ ನಿಂತರೆ, ಅಲ್ಪಸಂಖ್ಯಾತರ ಮೇಲೆ ಒತ್ತಡ ತಾನಾಗಿಯೇ ಬೀಳುತ್ತದೆ.

ಈ ಕೊನೆಯ ಮಾತನ್ನು ನಾವು ಸ್ವಲ್ಪ ನಿಂತು ಯೋಚಿಸಬೇಕು. ಎಂಟು ವರ್ಷದ ಕೂಸು ನಲವತ್ತು ಮಕ್ಕಳ ಎದುರಿಗೆ ಎದ್ದು ಹೊರಗೆ ಹೋಗುವುದೆಂದರೆ ಸಣ್ಣ ಮಾತಲ್ಲ. ಕಾಗದದ ಮೇಲೆ ಅದು ಸ್ವಾತಂತ್ರ್ಯ. ಆ ಕೂಸಿನ ಪಾಲಿಗೆ ಅದು ಶಿಕ್ಷೆ.

ಭಿನ್ನಮತವನ್ನೂ ತಿಳಿಯುವುದು ನ್ಯಾಯ. ನ್ಯಾಯಮೂರ್ತಿ ಪಾಟರ್ ಸ್ಟುವರ್ಟ್ ಒಬ್ಬರೇ ಬೇರೆ ಅಭಿಪ್ರಾಯ ಬರೆದರು. ಹೇಳಬಯಸುವ ಮಕ್ಕಳಿಗೆ ಹೇಳಲು ಬಿಟ್ಟರೆ ಅದು ಧರ್ಮ ಸ್ಥಾಪನೆ ಹೇಗಾದೀತು, ನಮ್ಮ ಈ ಕೋರ್ಟಿನ ಕಲಾಪವೂ ದೇವರನ್ನು ನೆನೆದೇ ಆರಂಭವಾಗುತ್ತದಲ್ಲ ಎಂಬುದು ಅವರ ವಾದ. ಇದು ತೆಗೆದುಹಾಕುವ ಮಾತಲ್ಲ. ಇಂದಿಗೂ ಅಲ್ಲಿ ಇದರ ಚರ್ಚೆ ನಿಂತಿಲ್ಲ.

ಬೇಲಿ ಹಾಕಿದವರು ಯಾರು?

‘ಚರ್ಚು ಮತ್ತು ಪ್ರಭುತ್ವದ ನಡುವೆ ಗೋಡೆ’ ಎಂಬ ಮಾತನ್ನು ಕೇಳಿದೊಡನೆ ಇದು ದೇವರನ್ನು ನಂಬದವರು ಕಟ್ಟಿದ ಗೋಡೆ ಎಂದು ನಮ್ಮಲ್ಲಿ ಅನೇಕರು ತಿಳಿಯುತ್ತಾರೆ. ಇತಿಹಾಸ ಬೇರೆಯೇ ಇದೆ.

ಇಂಗ್ಲೆಂಡಿನಲ್ಲಿ 1549ರಲ್ಲಿ ಪಾರ್ಲಿಮೆಂಟು ಒಂದು ಪ್ರಾರ್ಥನಾ ಪುಸ್ತಕವನ್ನು ಒಪ್ಪಿ, ಎಲ್ಲ ಚರ್ಚುಗಳಲ್ಲಿ ಅದನ್ನೇ ಬಳಸಬೇಕೆಂದು ಕಾಯಿದೆ ಮಾಡಿತು. ಸಿಂಹಾಸನದ ಮೇಲೆ ಕುಳಿತವರು ಬದಲಾದಂತೆ ಪ್ರಾರ್ಥನೆಯೂ ಬದಲಾಯಿತು. 1553ರಲ್ಲಿ ಪಟ್ಟಕ್ಕೆ ಬಂದ ಮೇರಿ ರಾಣಿ ಆ ಪುಸ್ತಕವನ್ನು ತೆಗೆದುಹಾಕಿದಳು. ಮುಂದೆ ಬಂದ ಎಲಿಜಬೆತ್ ರಾಣಿ 1559ರಲ್ಲಿ ಅದನ್ನು ತಿದ್ದಿ ಮತ್ತೆ ಜಾರಿಗೆ ತಂದಳು. ದೇವರ ಮುಂದೆ ಏನು ಬೇಡಿಕೊಳ್ಳಬೇಕೆಂಬುದನ್ನು ಅರಮನೆ ಗೊತ್ತುಮಾಡುವ ಕಾಲವದು. ಇದನ್ನು ಸಹಿಸಲಾಗದ ಭಕ್ತರಲ್ಲಿ ಹಲವರು ಹಡಗು ಹತ್ತಿ ಅಮೇರಿಕೆಗೆ ಹೋದರು. ಬ್ಲ್ಯಾಕ್ ತಮ್ಮ ತೀರ್ಪಿನಲ್ಲಿ ಈ ಇತಿಹಾಸವನ್ನೇ ನೆನಪಿಸಿದ್ದಾರೆ.

ವಿಚಿತ್ರವೆಂದರೆ, ಹೋದವರಲ್ಲಿಯೂ ಕೆಲವರು ಅಲ್ಲಿ ಅದೇ ತಪ್ಪು ಮಾಡಿದರು. ಮ್ಯಾಸಚೂಸೆಟ್ಸ್‌ನಲ್ಲಿ ತಮ್ಮ ಪಂಗಡದ್ದೇ ಆಡಳಿತ ನಡೆಸಿ, ಒಪ್ಪದ ಧರ್ಮೋಪದೇಶಕ ರೋಜರ್ ವಿಲಿಯಮ್ಸ್ ಅವರಿಗೆ 1635ರಲ್ಲಿ ಗಡೀಪಾರು ವಿಧಿಸಿದರು. ಅವರು ಮರುವರ್ಷ ಪ್ರಾವಿಡೆನ್ಸ್ ಎಂಬ ಊರು ಕಟ್ಟಿ ಎಲ್ಲ ನಂಬಿಕೆಯವರಿಗೂ ಜಾಗ ಕೊಟ್ಟರು. 1644ರಲ್ಲಿ ಅವರು ಕೊಟ್ಟ ಹೋಲಿಕೆ ರೈತರಿಗೆ ಬಹಳ ಹತ್ತಿರದ್ದು. ದೇವರ ತೋಟಕ್ಕೂ ಲೋಕದ ಕಾಡಿಗೂ ನಡುವೆ ಬೇಲಿ ಇರಬೇಕು, ಬೇಲಿ ಮುರಿದರೆ ತೋಟವೇ ಕಾಡಾಗುತ್ತದೆ ಎಂಬುದು ಅದರ ಭಾವ. ಹೊಲಕ್ಕೆ ಬೇಲಿ ಹಾಕುವವನು ಬೆಳೆಯ ಮೇಲಿನ ದ್ವೇಷದಿಂದ ಹಾಕುತ್ತಾನೆಯೇ? ಬೆಳೆ ಉಳಿಯಲೆಂದು ಹಾಕುತ್ತಾನೆ.

ಮುಂದೆ ವರ್ಜೀನಿಯಾದಲ್ಲಿ ಅಧಿಕೃತ ಚರ್ಚಿನ ಪರವಾನಿಗೆ ವ್ಯವಸ್ಥೆಗೆ ಒಳಪಡದೆ ಬೋಧನೆ ಮಾಡಿದ ಬ್ಯಾಪ್ಟಿಸ್ಟರು ಜೈಲು ಕಂಡರು. 1784ರಲ್ಲಿ ಕ್ರೈಸ್ತ ಬೋಧಕರ ಸಂಬಳಕ್ಕಾಗಿ ತೆರಿಗೆ ಹಾಕುವ ಮಸೂದೆ ಬಂದಾಗ ಜೇಮ್ಸ್ ಮ್ಯಾಡಿಸನ್ ಅದರ ವಿರುದ್ಧ ಮನವಿ ಬರೆದರು. ಬ್ಯಾಪ್ಟಿಸ್ಟರೂ ವಿರೋಧಿಸಿದರು. ಮಸೂದೆ ಬಿದ್ದುಹೋಗಿ, 1786ರಲ್ಲಿ ಥಾಮಸ್ ಜೆಫರ್ಸನ್ ಬರೆದಿದ್ದ ಧರ್ಮ ಸ್ವಾತಂತ್ರ್ಯದ ಕಾಯಿದೆ ಅಂಗೀಕಾರವಾಯಿತು. ‘ಗೋಡೆ’ ಎಂಬ ಮಾತನ್ನು ಜೆಫರ್ಸನ್ ಬಳಸಿದ್ದು 1802ರ ಜನವರಿ 1ರಂದು, ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಬರೆದ ಪತ್ರದಲ್ಲಿ. ಅಂದರೆ ಭಕ್ತರೇ ಕೇಳಿದ ಗೋಡೆ ಅದು.

ನಿಷೇಧವಾದದ್ದು ಏನು, ಆಗದ್ದು ಏನು?

ತೀರ್ಪು ಬಂದಾಗ ಅಲ್ಲಿ ದೊಡ್ಡ ಗದ್ದಲವಾಯಿತು. ‘ದೇವರನ್ನು ಶಾಲೆಯಿಂದ ಹೊರಗೆ ಹಾಕಿದರು’ ಎಂದು ಜನ ಕೂಗಿದರು. ಅರ್ಜಿ ಹಾಕಿದ ಮನೆಗಳಿಗೆ ಬೆದರಿಕೆಯ ಕರೆಗಳು ಬಂದವು. ಎರಡೇ ದಿನಕ್ಕೆ, ಜೂನ್ 27ರಂದು, ಪತ್ರಕರ್ತರು ಅಧ್ಯಕ್ಷ ಕೆನಡಿಯವರನ್ನು ಕೇಳಿದರು. ಅವರು ಕೆಥೋಲಿಕ್ ಪಂಗಡದಿಂದ ಆ ಪದವಿಗೇರಿದ ಮೊದಲಿಗರು. ಇದಕ್ಕೆ ಸುಲಭ ಪರಿಹಾರ ನಮ್ಮ ಕೈಯಲ್ಲೇ ಇದೆ, ಮನೆಯಲ್ಲಿ ಹೆಚ್ಚು ಪ್ರಾರ್ಥನೆ ಮಾಡೋಣ, ಚರ್ಚಿಗೆ ಇನ್ನಷ್ಟು ನಿಷ್ಠೆಯಿಂದ ಹೋಗೋಣ ಎಂಬರ್ಥದ ಉತ್ತರ ಕೊಟ್ಟರು.

ಮರುವರ್ಷ, 1963ರಲ್ಲಿ, ಪೆನ್ಸಿಲ್ವೇನಿಯಾದ ಶಾಲೆಗಳಲ್ಲಿ ದಿನವೂ ಬೈಬಲಿನ ಹತ್ತು ವಾಕ್ಯ ಓದಿಸುವ ಕಾನೂನನ್ನೂ ಅದೇ ನ್ಯಾಯಾಲಯ 8-1ರಿಂದ ತಳ್ಳಿಹಾಕಿತು. ಆದರೆ ಧರ್ಮಗ್ರಂಥಗಳನ್ನು ಸಾಹಿತ್ಯವಾಗಿ, ಇತಿಹಾಸವಾಗಿ ಕಲಿಸಲು ಅಡ್ಡಿಯಿಲ್ಲವೆಂದೂ ಸ್ಪಷ್ಟಪಡಿಸಿತು. ಶಾಲಾ ಪ್ರಾರ್ಥನೆಯನ್ನು ಮರಳಿ ತರಲು ಸಂವಿಧಾನವನ್ನೇ ತಿದ್ದಬೇಕೆಂಬ ಪ್ರಸ್ತಾಪ 1984ರಲ್ಲಿ ಸೆನೆಟ್ ಸಭೆಯಲ್ಲಿ 56-44 ಮತ ಪಡೆಯಿತು. ಮೂರರಲ್ಲಿ ಎರಡು ಪಾಲು ಬೇಕಾಗಿದ್ದರಿಂದ ಬಿದ್ದುಹೋಯಿತು.

ಮಗು ತಾನಾಗಿ ಮನಸ್ಸಿನಲ್ಲಿ ಪ್ರಾರ್ಥಿಸುವುದನ್ನು ಯಾವ ನ್ಯಾಯಾಲಯವೂ ತಡೆದಿಲ್ಲ. 2022ರಲ್ಲಿ ಬ್ರೆಮರ್ಟನ್ ಎಂಬ ಊರಿನ ಫುಟ್‌ಬಾಲ್ ತರಬೇತುದಾರರು ಆಟ ಮುಗಿದ ಮೇಲೆ ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸಿದ ಪ್ರಕರಣದಲ್ಲಿ, ಅದು ಅವರ ಸ್ವಂತ ಪ್ರಾರ್ಥನೆ ಎಂದು 6-3ರ ಬಹುಮತದಿಂದ ಅವರ ಪರ ತೀರ್ಪಾಯಿತು. ಗುರುವಿನ ಸ್ಥಾನದಲ್ಲಿರುವವರು ಮಕ್ಕಳ ಎದುರಿಗೆ ಹೀಗೆ ಮಾಡಿದರೆ ಅದು ನಿಜಕ್ಕೂ ಸ್ವಂತದ್ದೇ ಎಂದು ಉಳಿದ ಮೂವರು ಕೇಳಿದರು. ಗೆರೆ ಎಲ್ಲಿ ಎಂಬ ಬಗ್ಗೆ ಹೀಗೆ ವಾದ ಇದ್ದೇ ಇದೆ. ಆದರೂ ಪ್ರಾರ್ಥನೆಯನ್ನು ಸರಕಾರ ಬರೆಯಕೂಡದೆಂಬ 1962ರ ತೀರ್ಪನ್ನು ಆ ನ್ಯಾಯಾಲಯ ರದ್ದು ಮಾಡಿಲ್ಲ.

ನಮ್ಮ ದೇಶದ ಕಾನೂನು

ಭಾರತದಲ್ಲಿ ಅಂಥ ಗೋಡೆ ಇಲ್ಲ. ಮಠ, ಚರ್ಚು, ಮಸೀದಿಗಳ ಸಂಸ್ಥೆಗಳು ನಡೆಸುವ ಶಾಲೆಗಳಿಗೂ ಸರಕಾರ ಅನುದಾನ ಕೊಡಬಹುದು. ಆದರೆ ಸಂವಿಧಾನದ 28ನೆಯ ವಿಧಿ ಬದು ಹಾಕಿದೆ. ಪೂರ್ತಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಅವನ ಒಪ್ಪಿಗೆ ಇಲ್ಲದೆ, ಅಪ್ರಾಪ್ತನಾಗಿದ್ದರೆ ಪಾಲಕರ ಒಪ್ಪಿಗೆ ಇಲ್ಲದೆ, ಧಾರ್ಮಿಕ ಬೋಧನೆಗಾಗಲಿ ಪೂಜೆ ಪ್ರಾರ್ಥನೆಗಾಗಲಿ ಕೂರಿಸುವಂತಿಲ್ಲ.

ಕೇರಳದ ಒಂದು ಪ್ರಕರಣವನ್ನೂ ನೆನೆಯಬೇಕು. 1985ರಲ್ಲಿ ‘ಯೆಹೋವನ ಸಾಕ್ಷಿಗಳು’ ಎಂಬ ಪಂಗಡದ ಮೂವರು ಮಕ್ಕಳನ್ನು ರಾಷ್ಟ್ರಗೀತೆ ಹಾಡಲಿಲ್ಲವೆಂದು ಶಾಲೆಯಿಂದ ತೆಗೆದರು. ಗೀತೆಯ ವೇಳೆಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುವುದು ಮಾತ್ರ ಅವರ ನಂಬಿಕೆಗೆ ಒಗ್ಗದು. 1986ರ ಆಗಸ್ಟ್ 11ರಂದು ನಮ್ಮ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ತೀರ್ಪಿನ ಮೂಲಕ, ಸುಮ್ಮನೆ ನಿಂತದ್ದು ಅಗೌರವವಲ್ಲವೆಂದು ಹೇಳಿ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ರಾಷ್ಟ್ರಗೀತೆ ಪ್ರಾರ್ಥನೆಯಲ್ಲ, ನಿಜ. ಆದರೆ ಮಗುವಿನ ಮನಸ್ಸಾಕ್ಷಿಗೂ ಬೆಲೆಯಿದೆ ಎಂಬ ತತ್ವ ಒಂದೇ.

ನಮ್ಮ ಮನೆಯ ಲೆಕ್ಕ

ಈ ಪಾಠ ಬರೆಯುವಾಗ ನನ್ನದೇ ಒಂದು ತಪ್ಪು ನೆನಪಾಯಿತು. ಕೆಲವು ವರ್ಷಗಳ ಹಿಂದೆ ನಮ್ಮ ಸಂಸ್ಥೆಯ ಒಂದು ಶಾಲೆಯಲ್ಲಿ ಬಳೆ ವ್ಯಾಪಾರದ ಮುಸ್ಲಿಂ ಸದ್ಗೃಹಸ್ಥರೊಬ್ಬರು ಬಂದು, “ಅಣ್ಣಾರ, ಪ್ರಾರ್ಥನಾ ಆಗೂ ಹೊತ್ತಿಗೆ ನನ್ನ ಮಗಳು ಸುಮ್ಮನ ನಿಂತರ ನಡೀತದೇನ್ರಿ?” ಎಂದು ಅಂಜುತ್ತ ಕೇಳಿದರು. “ಎಲ್ಲರಂಗ ಹೇಳಿದರಾತು ಬಿಡ್ರಿ” ಎಂದು ನಾನು ನಕ್ಕು ಕಳಿಸಿದೆ. ಮರುವರ್ಷ ಆ ಹುಡುಗಿಯ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿಲ್ಲ. ಕಾರಣ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಮೇಲೆ 28ನೆಯ ವಿಧಿ ಓದಿದಾಗ, ನಮ್ಮ ಪ್ರವೇಶ ಅರ್ಜಿಯಲ್ಲಿ ಪಾಲಕರ ಒಪ್ಪಿಗೆಯ ಕಲಮೇ ಇಲ್ಲವೆಂಬುದು ಕಣ್ಣಿಗೆ ಬಿತ್ತು. ಈಗ ಅದನ್ನು ಸೇರಿಸಿದ್ದೇವೆ. ಒಪ್ಪದವರ ಮಕ್ಕಳನ್ನು ಹೊರಗೆ ನಿಲ್ಲಿಸದೆ ತಮ್ಮ ಸಾಲಿನಲ್ಲೇ ಸುಮ್ಮನೆ ನಿಲ್ಲಲು ಬಿಡಬೇಕೆಂದು ಶಿಕ್ಷಕರಿಗೂ ತಿಳಿಸಿದ್ದೇವೆ.

ಗಡಿಯಾಚೆ ಬಾಳುವ ನಮಗೆ ಇದು ಬೇಗ ಅರ್ಥವಾಗಬೇಕು. ಭಾಷೆಯಲ್ಲಿ ನಾವು ಅಲ್ಲಿ ಕಡಿಮೆ ಜನ. ನಮ್ಮ ಶಾಲೆಯ ಅಂಗಳದಲ್ಲಿ ನಾವೇ ಹೆಚ್ಚು ಜನ. ಕಡಿಮೆ ಇದ್ದಲ್ಲಿ ಕೇಳುವ ನ್ಯಾಯವನ್ನು ಹೆಚ್ಚು ಇದ್ದಲ್ಲಿ ಕೊಡದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ.

ಹಿರಿಯರ ಪ್ರಶ್ನೆಗೆ ಈಗ ನನ್ನ ಉತ್ತರ ಇಷ್ಟು. ಸರಕಾರ ಬರೆದ ಪ್ರಾರ್ಥನೆಯಿಂದ ಒಪ್ಪದವನಿಗೆ ನಷ್ಟವಿದೆ. ಅದಕ್ಕಿಂತ ಹೆಚ್ಚಿನ ನಷ್ಟ ಪ್ರಾರ್ಥನೆಗೇ ಇದೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ನಮಗೆ ನಡುವೆ ಪೂಜಾರಿಯೇ ಬೇಡ. ಹಾಗಿದ್ದ ಮೇಲೆ ಕಚೇರಿಯ ಸುತ್ತೋಲೆ ಏಕೆ ಬೇಕು?

ಮನನಕ್ಕೆ ಪ್ರಶ್ನೆಗಳು

1. ‘ಒತ್ತಾಯವಿಲ್ಲ’ ಎಂಬ ಮಾತು ಚಿಕ್ಕ ಮಗುವಿನ ಮಟ್ಟಿಗೆ ಎಷ್ಟು ನಿಜ?
2. ಧರ್ಮದ ಬಗ್ಗೆ ಕಲಿಸುವುದಕ್ಕೂ ಧರ್ಮಾಚರಣೆ ಮಾಡಿಸುವುದಕ್ಕೂ ಇರುವ ಭೇದವೇನು?
3. ನಿಮ್ಮೂರ ಶಾಲೆಯಲ್ಲಿ ಬೇರೆ ನಂಬಿಕೆಯ ಮಕ್ಕಳು ಪ್ರಾರ್ಥನೆಯ ವೇಳೆ ಎಲ್ಲಿ ನಿಲ್ಲುತ್ತಾರೆ? ಎಂದಾದರೂ ವಿಚಾರಿಸಿದ್ದೀರಾ?

ಮುಂದಿನ ಗೋಷ್ಠಿಗೆ ಉತ್ತರಗಳೊಂದಿಗೆ ಬರಬೇಕೆಂದು ವಿನಂತಿ.

— ಕಾರ್ಯದರ್ಶಿ