ಯೂರೋಪಿನ ಶಾಸನವೂ ಚರ್ಚಿನ ಸ್ವಾತಂತ್ರ್ಯವೂ

ಚರ್ಚು ತನ್ನ ಪಾದ್ರಿಯನ್ನು ತಾನೇ ಆರಿಸಿಕೊಳ್ಳಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಚರ್ಚು ನಡೆಸುವ ಆಸ್ಪತ್ರೆಯ ವೈದ್ಯನ ವಿಷಯವೇನು? ಜರ್ಮನಿಯಲ್ಲಿ ಇದು ಬರಿಯ ತರ್ಕದ ಮಾತಲ್ಲ. ಚರ್ಚಿನ ಸೇವಾಸಂಸ್ಥೆಗಳಲ್ಲಿ ದುಡಿಯುವವರೇ ಅಲ್ಲಿ ಹತ್ತು ಲಕ್ಷಕ್ಕೆ ಮಿಕ್ಕಿದ್ದಾರೆ.

ಧಾರ್ಮಿಕ ಸಂಘಗಳು ತಮ್ಮ ವ್ಯವಹಾರವನ್ನು ತಾವೇ ನಡೆಸಿಕೊಳ್ಳಬಹುದೆಂಬ 1919ರ ವೈಮಾರ್ ವಿಧಿಯನ್ನು ಆ ದೇಶದ ಇಂದಿನ ಸಂವಿಧಾನವೂ ಉಳಿಸಿಕೊಂಡಿದೆ. 2000ದಲ್ಲಿ ಐರೋಪ್ಯ ಒಕ್ಕೂಟವು, ಉದ್ಯೋಗದಲ್ಲಿ ಮತಭೇದ ಕೂಡದೆಂದು ನಿರ್ದೇಶನ ಹೊರಡಿಸಿ, ಚರ್ಚುಗಳಿಗೆ ಮಾತ್ರ ಮಿತವಾದ ವಿನಾಯಿತಿ ಕೊಟ್ಟಿತು. ಆ ಮಿತಿಯನ್ನು ಅಳೆಯುವವರು ಯಾರು? ತೊಡಕೆಲ್ಲ ಇಲ್ಲಿಯೇ ಇದೆ.

2012ರಲ್ಲಿ ಪ್ರಾಟೆಸ್ಟೆಂಟ್ ಸಂಸ್ಥೆಯೊಂದು, ಜನಾಂಗಭೇದವನ್ನು ಕುರಿತ ವರದಿಯೊಂದನ್ನು ಸಿದ್ಧಪಡಿಸುವ ಕೆಲಸಕ್ಕೆ ಚರ್ಚಿನ ಸದಸ್ಯತ್ವವನ್ನು ಬಯಸಿತು. ಯಾವ ಚರ್ಚಿಗೂ ಸೇರದ ಮಹಿಳೆಯೊಬ್ಬರು ಅರ್ಜಿ ಹಾಕಿದರು; ಸಂದರ್ಶನಕ್ಕೆ ಕರೆ ಬರಲಿಲ್ಲ. ಅಂಥ ಷರತ್ತು ಆ ಕೆಲಸಕ್ಕೆ ನಿಜವಾಗಿ ಅಗತ್ಯವೇ ಎಂಬುದನ್ನು ನ್ಯಾಯಾಧೀಶರು ಪರೀಕ್ಷಿಸಲೇಬೇಕೆಂದು ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯವು 2018ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ವಿಚ್ಛೇದನದ ಬಳಿಕ ಮರುಮದುವೆಯಾದುದಕ್ಕೆ ಕೆಲಸ ಕಳೆದುಕೊಂಡ ಕ್ಯಾಥೊಲಿಕ್ ವೈದ್ಯರೊಬ್ಬರ ವಿಚಾರದಲ್ಲೂ ಈ ಅಳತೆಗೋಲನ್ನೇ ಹಿಡಿಯಿತು. ಅಂಥ ಹುದ್ದೆಗಳನ್ನು ಕ್ಯಾಥೊಲಿಕರಲ್ಲದವರಿಗೂ ಕೊಟ್ಟಿದ್ದ ಮೇಲೆ, ಆ ನಿಯಮ ಚಿಕಿತ್ಸೆಗೆ ಅನಿವಾರ್ಯವಾಗಿತ್ತೆಂದು ಹೇಳುವುದು ಕಷ್ಟವೇ ಸರಿ.

ಹಾಗೆಂದು ಚರ್ಚಿನ ವಾದ ಹುರುಳಿಲ್ಲದ್ದೆಂದು ನಾನು ಎಣಿಸಲಾರೆ. ರೋಗಿಯ ಶುಶ್ರೂಷೆಯೂ ಧರ್ಮಕಾರ್ಯವೇ ಎನ್ನುವವರಿಗೆ, ಇಂತಿಷ್ಟು ಮಾತ್ರ ಧರ್ಮವೆಂದು ನ್ಯಾಯಾಲಯ ಗೆರೆ ಎಳೆಯುವುದು ಹೇಗೆ? 2025ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯವು ಲಕ್ಸೆಂಬರ್ಗಿನ ಅಳತೆಯನ್ನು ಒಪ್ಪಿಕೊಂಡೇ, ಚರ್ಚು ತನ್ನನ್ನು ತಾನು ಅರಿತುಕೊಂಡ ಬಗೆಗೆ ಹೆಚ್ಚಿನ ತೂಕ ಸಲ್ಲಬೇಕೆಂದು ಹೇಳಿ, ಆ ಮಹಿಳೆಗೆ ಪರಿಹಾರ ಕೊಡಿಸಿದ್ದ ತೀರ್ಪನ್ನು ರದ್ದುಗೊಳಿಸಿ ಮರುವಿಚಾರಣೆಗೆ ಕಳುಹಿಸಿತು.