ಸಿಗರೇಟು ಬಿಡಲು ವೇಪ್ ಬೇಕಿಲ್ಲ, ಮೆಡಿಕಲ್ ಶಾಪಿಗೆ ಹೋಗಿ

‘ಬರುವಾಗ ಒಂದು ವೇಪ್ ತಂದುಬಿಡು ಮಾರಾಯ, ಸಿಗರೇಟು ಬಿಡಿಸ್ಲಿಕ್ಕೆ ಅಲ್ಲಿ ಸರ್ಕಾರವೇ ಕೊಡ್ತದಂತೆ’ ಎಂದು ನಮ್ಮ ಸೋದರಮಾವ ಲಂಡನ್ನಿನಲ್ಲಿರುವ ಮಗನಿಗೆ ಫೋನಿನಲ್ಲಿ ಹೇಳುತ್ತಿದ್ದರು.

ಮಾವ ಹೇಳಿದ್ದು ಸುಳ್ಳಲ್ಲ. 10 ಲಕ್ಷ ಜನರಿಗೆ ವೇಪ್ ಅಂದರೆ ಇ-ಸಿಗರೇಟಿನ ಕಿಟ್ ಕೊಡುವ ಯೋಜನೆಯನ್ನು ಇಂಗ್ಲೆಂಡ್ 2023ರಲ್ಲಿ ಪ್ರಕಟಿಸಿತು. ಅಲ್ಲಿ 886 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇ-ಸಿಗರೇಟು ಪಡೆದವರಲ್ಲಿ ಶೇ 18 ಮಂದಿ ವರ್ಷವಾದರೂ ಸಿಗರೇಟು ಮುಟ್ಟಿರಲಿಲ್ಲ. ನಿಕೋಟಿನ್ ಗಮ್, ಪ್ಯಾಚ್‌ಗಳಂಥವನ್ನು ಬಳಸಿದವರಲ್ಲಿ ಈ ಪ್ರಮಾಣ ಶೇ 9.9. ಆದರೆ ಹಾಗೆ ಬಿಟ್ಟ ಇ-ಸಿಗರೇಟಿನವರಲ್ಲಿ ಶೇ 80ರಷ್ಟು ಜನ ಆಗಲೂ ವೇಪ್ ಸೇದುತ್ತಲೇ ಇದ್ದರು. ನನಗೆ ಇದು ಸಣ್ಣ ಸಂಗತಿ ಅನ್ನಿಸುವುದಿಲ್ಲ.

ನಮ್ಮಲ್ಲಂತೂ ಆ ದಾರಿ ಮುಚ್ಚಿದೆ. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು. 2019ರ ಕೇಂದ್ರ ಕಾಯ್ದೆಯ ಪ್ರಕಾರ ಮಾರಾಟ, ಆಮದು, ಸಾಗಣೆ ಎಲ್ಲವೂ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮಗನ ಕೈಯಲ್ಲಿ ತರಿಸುವ ಮಾತು ಬಿಡಿ.

ಚಟ ಹಿಡಿಸುವುದು ನಿಕೋಟಿನ್. ಜೀವ ತೆಗೆಯುವುದು ಮುಖ್ಯವಾಗಿ ಹೊಗೆಯಲ್ಲಿನ ಟಾರ್, ಕಾರ್ಬನ್ ಮೊನಾಕ್ಸೈಡ್. ಹೊಗೆಯಿಲ್ಲದೆ ನಿಕೋಟಿನ್ ಕೊಟ್ಟು, ಅದನ್ನೂ ಕ್ರಮೇಣ ಇಳಿಸುವ ಗಮ್ ನಮ್ಮ ಮೆಡಿಕಲ್ ಶಾಪುಗಳಲ್ಲೇ ಸಿಗುತ್ತದೆ.

ಮೊದಲು ಬಿಡುವ ದಿನವನ್ನು ಗೊತ್ತುಮಾಡಿ, ಒಂದೆರಡು ವಾರದೊಳಗೇ ಇರಲಿ. ಮನೆಯವರಿಗೆ ತಿಳಿಸಿ. ಹಿಂದಿನ ರಾತ್ರಿ ಪ್ಯಾಕು, ಲೈಟರು, ಬೂದಿಯ ಬಟ್ಟಲು ಎಲ್ಲ ಮನೆಯಿಂದ ಹೊರಗೆ ಹೋಗಲಿ.

ಗಮ್ 2 ಮತ್ತು 4 ಮಿ.ಗ್ರಾಂಗಳಲ್ಲಿ ಬರುತ್ತದೆ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು ಹಚ್ಚುವವರಿಗೆ ಸಾಮಾನ್ಯವಾಗಿ 4 ಬೇಕಾಗುತ್ತದೆ, ವೈದ್ಯರನ್ನು ಕೇಳಿ. ಗರ್ಭಿಣಿಯರು, ಈಚೆಗೆ ಹೃದಯಾಘಾತವಾದವರು ಕೇಳದೆ ಯಾವುದನ್ನೂ ತೆಗೆದುಕೊಳ್ಳಬಾರದು.

ಬಹಳ ಜನ ಎಡವುವುದು ಜಗಿಯುವುದರಲ್ಲಿ. ಮಾವನೂ ಹಿಂದೊಮ್ಮೆ ಗಮ್ ತಂದು, ಬಬಲ್ ಗಮ್ಮಿನಂತೆ ಒಂದೇ ಸಮನೆ ಜಗಿದು, ಬಿಕ್ಕಳಿಕೆ ಹತ್ತಿ, ಹೊಟ್ಟೆ ತೊಳಸಿ ಎಸೆದಿದ್ದರು. ಇದನ್ನು ನಿಧಾನವಾಗಿ, ನಾಲ್ಕಾರು ಸಲ ಜಗಿಯಬೇಕು. ಮೆಣಸಿನಂಥ ಖಾರ, ಚುರುಚುರು ಅನ್ನಿಸಿದ ತಕ್ಷಣ ನಿಲ್ಲಿಸಿ, ಕೆನ್ನೆಗೂ ಒಸಡಿಗೂ ನಡುವೆ ಒತ್ತರಿಸಿಡಿ. ನಿಕೋಟಿನ್ ರಕ್ತಕ್ಕೆ ಸೇರುವುದು ಬಾಯಿಯ ಒಳಚರ್ಮದಿಂದ. ಜೊಲ್ಲಿನ ಜೊತೆ ನುಂಗಿದರೆ ಉರಿಯಷ್ಟೇ ಉಳಿಯುತ್ತದೆ. ಚುರುಚುರು ಇಳಿದ ಮೇಲೆ ಮತ್ತೆ ನಾಲ್ಕು ಸಲ ಜಗಿದು, ಈ ಸಲ ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ಗಮ್ ಹಾಕುವ 15 ನಿಮಿಷ ಮೊದಲು ಮತ್ತು ಬಾಯಲ್ಲಿರುವಷ್ಟು ಹೊತ್ತು ಕಾಫಿಯಾಗಲಿ ಜ್ಯೂಸಾಗಲಿ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ. ಕಾಫಿಯ ಜೊತೆಗೇ ಸಿಗರೇಟು ಸೇದಿ ರೂಢಿಯಾದವರಿಗೆ ಇದೇ ಕಷ್ಟದ ಭಾಗ. ಕಾಫಿ ಮುಗಿದ ಮೇಲೆ ಕಾಲು ಗಂಟೆ ಎದ್ದು ಅಡ್ಡಾಡಿ ಬನ್ನಿ.

ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ದಿನಕ್ಕೆ 24 ದಾಟಬಾರದು.

ಮೊದಲ ಮೂರು ದಿನ ಸಿಡುಕು, ನಿದ್ದೆಗೇಡು ಜೋರು. ಸೇದಬೇಕೆಂಬ ಹಪಹಪಿ ಎದ್ದರೂ ಸಾಮಾನ್ಯವಾಗಿ ಐದು-ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ನೀರು ಕುಡಿಯಿರಿ, ಯಾರ ಜೊತೆಗಾದರೂ ಮಾತಾಡಿ. 1800 112 356 ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನಿನ ಉಚಿತ ಸಂಖ್ಯೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಒಂದು ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಗಮ್ ಸಾಲದಿದ್ದರೆ ವೈದ್ಯರು ಬುಪ್ರೋಪಿಯಾನ್, ವರೆನಿಕ್ಲಿನ್‌ನಂಥ ಮಾತ್ರೆ ಬರೆದುಕೊಡುವುದುಂಟು.

ನಡುವೆ ಒಂದು ಸೇದಿಬಿಟ್ಟರೆ ‘ಎಲ್ಲ ಹೋಯಿತು’ ಎಂದು ಪ್ಯಾಕು ಕೊಳ್ಳಬೇಡಿ. ಮರುದಿನ ಗಮ್ಮಿನ ಲೆಕ್ಕ ನಿಂತಲ್ಲಿಂದಲೇ ಮುಂದುವರಿಸಿ.